ಹನ್ನೊಂದು ತಿಂಗಳ ಮೇಲೆ ಸೂಟಿಗೆ ಬರುತ್ತಿದ್ದಾರೆ, ಊರವರು ಡಿಜೆ ಅನ್ನುತ್ತಿದ್ದಾರೆ. ಏನು ಮಾಡಲಿ?

ಯಲಬುರ್ಗಾ ಸೊಸೆ
ಎಲ್ಲರಿಗೂ ನಮಸ್ಕಾರ. ಇಲ್ಲಿ ಫೌಜಿ ಮನೆಯವರು ಬಹಳ ಜನ ಇದ್ದೀರಿ, ಅದಕ್ಕೆ ಕೇಳುತ್ತಿದ್ದೇನೆ.

ನಮ್ಮ ಮನೆಯವರು ಆರ್ಮಿಯಲ್ಲಿದ್ದಾರೆ. ಈ ಸಲ ಫೀಲ್ಡ್ ಪೋಸ್ಟಿಂಗ್, ಮೇಲೆ ಹಿಮದಲ್ಲಿ. ಹೋಗಿ 11 ತಿಂಗಳಾಯಿತು. ಜನವರಿಯಲ್ಲಿ ಒಮ್ಮೆ ಸೂಟಿ ಸಿಕ್ಕಿತ್ತು. ಗವಿಮಠದ ಜಾತ್ರೆಗೆ ಬರುತ್ತಾರೆ ಅಂತ ಮಗಳಿಗೆ ಹೊಸ ಫ್ರಾಕ್ ಕೂಡ ತಂದಿಟ್ಟಿದ್ದೆ. ಅಲ್ಲಿ ಹಿಮ ಬಿದ್ದು ದಾರಿ ಮುಚ್ಚಿತು, ವಿಮಾನವೂ ಹಾರಲಿಲ್ಲ, ಸೂಟಿ ಹೋಯಿತು. ಜಾತ್ರೆಯೂ ಮುಗಿಯಿತು. ಫ್ರಾಕ್ ಈಗ ಗಿಡ್ಡವಾಗಿದೆ. ಈ ಸಲ ನಿಜವಾಗಿ ಬರುತ್ತಿದ್ದಾರೆ.

ಊರಿನ ಹುಡುಗರು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡೇ ಮಾಡುತ್ತೇವೆ ಅಂತ ಕೂತಿದ್ದಾರೆ. ಡಿಜೆ, ಪಟಾಕಿ, ಅಗಸಿ ಬಾಗಿಲಿಗೆ ಬ್ಯಾನರ್. ಮಾವನವರಿಗೆ ಖುಷಿಯೋ ಖುಷಿ. ಮನೆಯವರಿಗೆ ಫೋನಿನಲ್ಲಿ ಹೇಳಿದರೆ "ನನಗ ಏನೂ ಬ್ಯಾಡ, ಜಳಕಾ ಮಾಡಿ ಮಕ್ಕೊಂಡ್ರ ಸಾಕು" ಅನ್ನುತ್ತಾರೆ. "ನೀನ ಅಪ್ಪಗ ಹೇಳು" ಅಂತ ನನ್ನ ಮೇಲೇ ಹಾಕಿದರು. ಸೊಸೆಯಾದವಳು ಮಾವನ ಮುಂದೆ ನಿಂತು ಮೆರವಣಿಗೆ ಬೇಡ ಅಂತ ಹೇಳುವುದು ಹೇಗೆ, ನೀವೇ ಹೇಳಿ.

ಇನ್ನೊಂದು. ಮಗಳಿಗೆ ಈಗ ಮೂರು ವರ್ಷ. ಅಪ್ಪ ಅಂದರೆ ಅವಳಿಗೆ ಫೋನು. ಯಾರ ಫೋನ್ ರಿಂಗಾದರೂ "ಅಪ್ಪಾ" ಅಂತ ಓಡುತ್ತಾಳೆ. ಮೊನ್ನೆ ಗ್ಯಾಸಿನವನ ಫೋನಿಗೂ ಮುತ್ತು ಕೊಟ್ಟಳು. ಎದುರಿಗೆ ಬಂದು ನಿಂತರೆ ಗುರುತು ಹಿಡಿಯುತ್ತಾಳಾ?

ವೇದಿಕೆ ನೋಡಿಕೊಳ್ಳುವವರು
ಅಕ್ಕಾ, ನಿಮ್ಮ ಬರಹದಲ್ಲಿದ್ದ ತಾರೀಖು, ಗಾಡಿಯ ಹೆಸರು, ಯೂನಿಟ್ ಹೆಸರು ತೆಗೆದಿದ್ದೇವೆ. ಬೇಜಾರು ಮಾಡಿಕೊಳ್ಳಬೇಡಿ. ಯಾರು ಎಲ್ಲಿದ್ದಾರೆ, ಯಾವಾಗ ಹೊರಡುತ್ತಾರೆ ಅನ್ನುವುದನ್ನು ಯಾರೂ ಇಲ್ಲಿ ಹಾಕಬಾರದು. 2020ರಲ್ಲಿ ಸೇನೆಯವರಿಗೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್ ತೆಗೆಯಿರಿ ಅಂದಿದ್ದು ಸುಮ್ನೆ ಅಲ್ಲ. ಅವರು ಬಾಯಿ ಬಿಡದಿದ್ದರೂ ಮನೆಯವರ ಸ್ಟೇಟಸ್ ಎಲ್ಲ ಹೇಳಿಬಿಡುತ್ತದೆ. ಬ್ಯಾನರ್ ಮಾಡಿಸುವವರಿಗೂ ಇದೇ ಮಾತು.

ನಿವೃತ್ತ ಸುಬೇದಾರ್, ಲಿಂಗಸುಗೂರು
ತಂಗಿ, ನನ್ನದೊಂದು ಹೇಳುತ್ತೇನೆ. 2001ರ ಡಿಸೆಂಬರ್. ಸೂಟಿಗೆ ಬಂದಿದ್ದೆ. 13ನೇ ತಾರೀಖು ಪಾರ್ಲಿಮೆಂಟ್ ಮೇಲೆ ದಾಳಿಯಾಯಿತು. ಕೆಲವೇ ದಿನಕ್ಕೆ ತಂತಿ ಬಂತು, ಕೂಡಲೇ ವಾಪಸ್ ಬಾ ಅಂತ. (ತಂತಿ ಅಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. 2013ರಲ್ಲೇ ನಿಂತುಹೋಯಿತು.) ಅದೇ ಆಪರೇಷನ್ ಪರಾಕ್ರಮ್. ಯುದ್ಧ ಆಗಲಿಲ್ಲ, ಆದರೆ 2002ರ ಅಕ್ಟೋಬರ್ ತನಕ ರಾಜಸ್ಥಾನದ ಮರಳಿನಲ್ಲಿ ಕೂತಿದ್ದೆವು. ಎಲ್ಲಿದ್ದೇನೆ ಅಂತ ಮನೆಗೆ ಬರೆಯುವ ಹಾಗಿಲ್ಲ. ಇನ್‌ಲ್ಯಾಂಡ್ ಪತ್ರದ ಮೇಲೆ 56 ಎಪಿಒ (ಸೇನೆಯ ಅಂಚೆ ಕಚೇರಿ) ಅಂತ ಇರುತ್ತಿತ್ತು, ಅಷ್ಟೇ. ನಮ್ಮವ್ವ ಐವತ್ತಾರು ಅನ್ನುವುದೂ ಒಂದು ಊರೇ ಅಂದುಕೊಂಡಿದ್ದಳು. "ನನ್ನ ಮಗ ಐವತ್ತಾರರಾಗ ಅದಾನ, ಅಲ್ಲಿ ಬಿಸಿಲು ಭಾಳಂತ" ಅಂತ ಸಂತೆಯಲ್ಲಿ ಹೇಳುತ್ತಿದ್ದಳಂತೆ.

ವಾಪಸ್ ಬರುವಾಗ ಯಾರಿಗೂ ತಿಳಿಸಲಿಲ್ಲ. ದೆಹಲಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್, ಎರಡು ರಾತ್ರಿ. ರಾಯಚೂರಿನಲ್ಲಿ ಇಳಿದು ಬಸ್ ಹತ್ತಿದೆ. ಅವ್ವ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಟ್ರಂಕು ಹೊತ್ತು ನಿಂತವನನ್ನು ನೋಡಿ "ಯಾರಪಾ, ಯಾರು ಬೇಕಾಗಿತ್ತು?" ಅಂದಳು. ಅಷ್ಟು ಕರಿ ಆಗಿದ್ದೆ, ಅಷ್ಟು ಸೊರಗಿದ್ದೆ. "ಅವ್ವಾ" ಅಂದೆ. ಮೊರ ಕೈಜಾರಿತು. ಅಂಗಳದ ಕೋಳಿಗಳಿಗೆ ಅವತ್ತು ಹಬ್ಬ.

ನನ್ನ ಮಾತು ಕೇಳಿದರೆ, ಮೆರವಣಿಗೆ ಏನಿದ್ದರೂ ನಿವೃತ್ತಿಯಾಗಿ ಬಂದ ದಿನ. ಸೂಟಿಗೆ ಬಂದವನನ್ನು ಮೊದಲು ಊಟಕ್ಕೆ ಕೂರಿಸಿ.

ಕುಷ್ಟಗಿ ಹುಡುಗ
ಸರ್, ತಪ್ಪು ತಿಳಿಯಬೇಡಿ. ನಿವೃತ್ತಿ ತನಕ ಯಾಕೆ ಕಾಯಬೇಕು? ನಮ್ಮೂರಲ್ಲಿ ಎಲೆಕ್ಷನ್ ಗೆದ್ದವರಿಗೆ ಡಿಜೆ ಇದೆ, ಬರ್ತ್‌ಡೇಗೆ ಕಟೌಟ್ ಇದೆ. ಬಾರ್ಡರಿನಿಂದ ಬಂದ ಅಣ್ಣನಿಗೆ ಒಂದು ಹಾರ ಹಾಕಿದರೆ ತಪ್ಪಾ? ನಾವು ಹತ್ತು ಹುಡುಗರು ದಿನಾ ಬೆಳಿಗ್ಗೆ 1,600 ಮೀಟರ್ ಓಡುತ್ತೇವೆ, ಅಗ್ನಿವೀರ್ ರ‍್ಯಾಲಿಗೆ. ಅಂಥ ಅಣ್ಣನನ್ನು ಹತ್ತಿರದಿಂದ ನೋಡಿದರೆ ನಮಗೂ ಹುರುಪು ಬರುತ್ತದೆ. ಅಕ್ಕನ ಊರಿನ ಹುಡುಗರೂ ಹಾಗೇ ಅಂದುಕೊಂಡಿರಬೇಕು. ಕೆಟ್ಟ ಮನಸ್ಸಿನಿಂದ ಯಾರೂ ಚಂದಾ ಪಟ್ಟಿ ಎತ್ತುವುದಿಲ್ಲ.

ಸೂಟಿ ಮೇಲಿದ್ದೇನೆ
ತಮ್ಮಾ, ನಿನ್ನ ಪ್ರೀತಿ ಅರ್ಥವಾಗುತ್ತದೆ. ನಾನು ಈಗ ಸೂಟಿಯಲ್ಲೇ ಇರುವವನು, ಬಳ್ಳಾರಿ ಜಿಲ್ಲೆ. ಆ ದಿನ ಒಬ್ಬ ಜವಾನ ಯಾವ ಸ್ಥಿತಿಯಲ್ಲಿ ಬಂದು ಇಳಿಯುತ್ತಾನೆ ಅಂತ ಕೇಳು.

ಕಾಗದದ ಮೇಲೆ ನಮಗೆ ವರ್ಷಕ್ಕೆ 60 ದಿನ ಆನ್ಯುವಲ್ ಲೀವ್, 30 ದಿನ ಕ್ಯಾಶುಯಲ್. ಅಗ್ನಿವೀರರಿಗೆ ಎಲ್ಲ ಸೇರಿ 30 ದಿನ, ನೀನು ಸೇರಿದರೆ ನಿನಗೂ ಅಷ್ಟೇ. ಆದರೆ ಫೀಲ್ಡ್‌ನಲ್ಲಿ ಸೂಟಿ ಮಂಜೂರಾದ ಮಾತ್ರಕ್ಕೆ ಮನೆ ಹತ್ತಿರ ಆಗಲ್ಲ. ಪೋಸ್ಟಿನಿಂದ ಇಳಿಯಬೇಕು. ಟ್ರಾನ್ಸಿಟ್ ಕ್ಯಾಂಪಿನಲ್ಲಿ ಮೋಡ ನೋಡುತ್ತಾ ಕೂರಬೇಕು. ವಿಮಾನ ಹಾರಿದರೆ ಚಂಡೀಗಢವೋ ದೆಹಲಿಯೋ. ಆಮೇಲೆ ರೈಲು. ಕೊಪ್ಪಳದ ಕಡೆಯವರು ಗುಂತಕಲ್‌ನಲ್ಲಿ ಇಳಿದು ಇನ್ನೊಂದು ಗಾಡಿಗೆ ಕಾದು, ಬಳ್ಳಾರಿ, ಹೊಸಪೇಟೆ ದಾಟಿ ಬರಬೇಕು. ರಿಸರ್ವೇಶನ್ ಸಿಕ್ಕಿಲ್ಲ ಅಂದರೆ ಟ್ರಂಕಿನ ಮೇಲೇ ಕೂತು ಬಂದದ್ದೂ ಇದೆ. ಮೈ ಚಳಿಗೆ ಒಗ್ಗಿರುತ್ತದೆ, ಇಲ್ಲಿ ಏಪ್ರಿಲ್ ಬಿಸಿಲು 40 ದಾಟಿರುತ್ತದೆ. ಅಂಥವನನ್ನು ಎರಡು ತಾಸು ಜೀಪಿನ ಮೇಲೆ ನಿಲ್ಲಿಸಿ ಕಿವಿ ಹತ್ತಿರ ಡಿಜೆ ಹಚ್ಚಿದರೆ, ಅವನು ನಗುತ್ತಾನೆ. ಆದರೆ ಆ ನಗು ಫೋಟೊಗೆ ಅಷ್ಟೇ.

ಇನ್ನೂ ಒಂದು. ನಮಗೆ ಊರಲ್ಲಿ ಕಾಯಂ ಮೂರು ಪ್ರಶ್ನೆ. "ಎಷ್ಟ ಮಂದಿನ ಹೊಡದಿ?" "ಕೋಟಾ ತಂದಿಯಿಲ್ಲೋ?" "ವಾಪಸ್ ಯಾವಾಗ?" ಮೊದಲನೆಯದನ್ನು ದಯವಿಟ್ಟು ಯಾರಿಗೂ ಕೇಳಬೇಡಿ. ಎರಡನೆಯದು, ಅಂದರೆ ಕ್ಯಾಂಟೀನಿನ ಮದ್ಯದ್ದು, ಪರವಾಗಿಲ್ಲ, ರೂಢಿಯಾಗಿದೆ. ಮೂರನೆಯದನ್ನು ಬಂದ ದಿನವೇ ಕೇಳಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅಕ್ಕಾ, ಮಗಳ ವಿಷಯಕ್ಕೆ ಒಂದು ಉಪಾಯ. ನಾನು ಮನೆ ಹೊರಗೆ ನಿಂತು ವಿಡಿಯೊ ಕಾಲ್ ಮಾಡಿ, ಮಾತಾಡುತ್ತಲೇ ಒಳಗೆ ಬಂದೆ. ಮಗ ಫೋನ್ ನೋಡಿದ, ನನ್ನ ನೋಡಿದ, ನಕ್ಕುಬಿಟ್ಟ. ಮಾಡಿ ನೋಡಿ.

ಬಳ್ಳಾರಿ ಬಿಸಿಲು
ಜೀಪು ಅಂದಾಗ ನೆನಪಾಯಿತು. ಹುಡುಗರಿಗೆ ಹೇಳಿ, ಧ್ವಜವನ್ನು ಜೀಪಿನ ಬಾನೆಟ್ ಮೇಲೆ ಹಾಸಬಾರದು. 2002ರ ಧ್ವಜ ಸಂಹಿತೆಯಲ್ಲೇ ಇದೆ: ವಾಹನದ ಮೇಲೆ, ಪಕ್ಕಕ್ಕೆ, ಹಿಂದೆ ಹೊದಿಸುವ ಹಾಗಿಲ್ಲ. ಎಷ್ಟು ಮೆರವಣಿಗೆಯಲ್ಲಿ ನೋಡಿದ್ದೇನೆ, ಜವಾನನೇ ಮುಜುಗರದಿಂದ ಕೆಳಗೆ ನೋಡುತ್ತಾ ನಿಂತಿರುತ್ತಾನೆ.

ಮತ್ತೆ, ಹನ್ನೊಂದು ತಿಂಗಳು ಮೆಸ್ಸಿನ ಪೂರಿ ತಿಂದವನಿಗೆ ಮೊದಲ ದಿನವೇ ಹೋಳಿಗೆ, ತುಪ್ಪ ಅಂತ ಬಲವಂತ ಮಾಡಬೇಡಿ. ನಮ್ಮಣ್ಣ ಬಳ್ಳಾರಿ ಸ್ಟೇಷನ್ನಿನಲ್ಲಿ ಇಳಿದವನು ಮನೆಗೂ ಬರದೆ ಮೊದಲು ಒಗ್ಗರಣೆ ಮಿರ್ಚಿ ತಿಂದ. ಆಮೇಲೆ ಅವ್ವನ ಕೈಯಲ್ಲಿ ಬೈಸಿಕೊಂಡ.

ಫೌಜಿ ಮಗಳು, ಬಳ್ಳಾರಿ
ನಾನು ಆ ಮೂರು ವರ್ಷದ ಮಗುವಿನ ಜಾಗದಲ್ಲಿದ್ದವಳು. ಈಗ ನನಗೆ ನಲವತ್ತು ಹತ್ತಿರ.

ಅಪ್ಪನಿಗಿಂತ ಮೊದಲು ನನಗೆ ಪರಿಚಯವಾಗಿದ್ದು ಅಪ್ಪನ ಟ್ರಂಕು. ಕರಿ ಬಣ್ಣ, ಮೇಲೆ ಬಿಳಿ ಪೇಂಟಿನಲ್ಲಿ ನಂಬರು, ಹೆಸರು. ಇಂಗ್ಲಿಷ್ ಅಕ್ಷರ ಕಲಿತದ್ದೇ ಅದರ ಮೇಲೆ ಬೆರಳಾಡಿಸಿ. ಮುಚ್ಚಳ ತೆಗೆದರೆ ಕರ್ಪೂರದ ಗುಳಿಗೆ, ಬೂಟ್ ಪಾಲಿಶ್, ಒಣದ್ರಾಕ್ಷಿ ಮೂರೂ ಸೇರಿದ ವಾಸನೆ. ಅಪ್ಪ ಬಂದ ದಿನ ನಾನು ಟ್ರಂಕಿನ ಹತ್ತಿರ ಹೋಗುತ್ತಿದ್ದೆ, ಅಪ್ಪನ ಹತ್ತಿರ ಅಲ್ಲ. ಅಪ್ಪ ಪಾಪ ಅದರ ಪಕ್ಕದಲ್ಲೇ ಚಾಪೆ ಹಾಸಿ ಕೂತಿರುತ್ತಿದ್ದರು. ಅಕ್ಕಾ, ನಿಮ್ಮ ಮಗಳು ಹತ್ತಿರ ಬರದಿದ್ದರೆ ತಳ್ಳಬೇಡಿ. "ಹೋಗು, ಅಪ್ಪನ ತೊಡೆ ಮೇಲೆ ಕೂತ್ಕೋ" ಅಂತ ಹತ್ತು ಜನರ ಮುಂದೆ ಹೇಳಿದರೆ ಮಗು ಇನ್ನೂ ಬಿಗಿಯಾಗುತ್ತದೆ.

ಯಾರೂ ಹೇಳದ ಮಾತು ಒಂದಿದೆ. ಅಪ್ಪ ಬಂದ ಒಂದು ವಾರ ಮನೆಯಲ್ಲಿ ಹಬ್ಬ. ಎರಡನೇ ವಾರಕ್ಕೆ ಜಗಳ. ಅಮ್ಮ ಒಬ್ಬಳೇ ಬ್ಯಾಂಕು, ಸ್ಕೂಲು, ಬೋರು, ಅಜ್ಜಿಯ ಔಷಧಿ ಎಲ್ಲ ನೋಡಿಕೊಂಡಿರುತ್ತಿದ್ದಳು. ಅಪ್ಪ ಬಂದು ಅಡುಗೆ ಮನೆಯ ಡಬ್ಬಿಗಳನ್ನೂ ಸಾಲಾಗಿ ನಿಲ್ಲಿಸುತ್ತಿದ್ದರು. ಐದು ಗಂಟೆಗೆ ನಮ್ಮನ್ನು ಎಬ್ಬಿಸುವುದು, ಮಾರ್ಕ್ಸ್ ಕಾರ್ಡ್ ಕೇಳುವುದು. ಅಮ್ಮ ಒಮ್ಮೆ ಅಂದಿದ್ದಳು: "ಇದು ಬ್ಯಾರಕ್ ಅಲ್ಲ. ನಾನೂ ನಿಮ್ಮ ಸಿಪಾಯಿ ಅಲ್ಲ." ಆಮೇಲೆ ಇಬ್ಬರೂ ಎರಡು ದಿನ ಮಾತು ಬಿಟ್ಟಿದ್ದರು.

ಯಲಬುರ್ಗಾ ಸೊಸೆ
ಫೌಜಿ ಮಗಳು ಅಕ್ಕಾ, ನಿಮ್ಮ ಕಡೆಯ ಮಾತು ಓದಿ ಮೈ ಜುಮ್ಮೆಂದಿತು. ನಿಜ ಹೇಳಲಾ? ನನ್ನ ಭಯ ಮೆರವಣಿಗೆಯದ್ದಲ್ಲ.

ಈ 11 ತಿಂಗಳಲ್ಲಿ ನಾನು ಸ್ಕೂಟಿ ಕಲಿತೆ. ಶೇಂಗಾ ಮಾರಿದ ದುಡ್ಡು ನಾನೇ ಹೋಗಿ ತಂದೆ. ಮಾವನ ಕಣ್ಣಿನ ಆಪರೇಷನ್ ಮಾಡಿಸಿದೆ. ಮನೆಯವರಿಗೆ ಇದೆಲ್ಲ ಫೋನಿನಲ್ಲಿ ಹೇಳಿದ್ದೇನೆ, ಆದರೆ ಫೋನಿನಲ್ಲಿ ಎಷ್ಟು ಹೇಳೋದು? ನೆಟ್‌ವರ್ಕ್ ಸಿಕ್ಕ ನಾಲ್ಕು ನಿಮಿಷಕ್ಕೆ "ಊಟ ಆಯ್ತಾ, ಚಳಿ ಇದೆಯಾ" ಅಷ್ಟೇ ಆಗುತ್ತದೆ. ಅವರು ಬಿಟ್ಟು ಹೋದ ಹುಡುಗಿ ಈಗ ನಾನಲ್ಲ. ಅವರೂ ಅವರೇ ಇರುತ್ತಾರಾ ಗೊತ್ತಿಲ್ಲ. ಬರಲಿ ಅಂತ ದಿನಾ ಕೈಮುಗಿಯುತ್ತೇನೆ, ಬರುತ್ತಾರೆ ಅಂದ ಕೂಡಲೇ ಹೊಟ್ಟೆಯಲ್ಲಿ ಏನೋ ಒಂಥರಾ. ಹೀಗೆ ಅನಿಸುವುದು ನನಗೊಬ್ಬಳಿಗೇನಾ?

ಫೌಜಿ ಮಗಳು, ಬಳ್ಳಾರಿ
ಒಬ್ಬಳಿಗೇ ಅಲ್ಲ. ಸ್ಕೂಟಿ ಕೀ ಮಾತ್ರ ಬಿಟ್ಟುಕೊಡಬೇಡಿ :)

ಒಂದು ವಾರದ ಮೇಲೂ ರಾತ್ರಿ ನಿದ್ದೆ ಇಲ್ಲ, ಸಣ್ಣದಕ್ಕೂ ಸಿಟ್ಟು, ಯಾರ ಹತ್ತಿರವೂ ಮಾತಿಲ್ಲ ಅಂತ ಕಂಡರೆ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್, ಸರಕಾರದ್ದು, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮಪ್ಪನ ಕಾಲದಲ್ಲಿ ಇದು ಇರಲಿಲ್ಲ. "ಅವಗ ಮಿಲಿಟರಿ ಸಿಟ್ಟು" ಅಂತ ಮನೆಯವರೇ ಸುಮ್ಮನಾಗುತ್ತಿದ್ದೆವು.

ಸಿಂಧನೂರು ಅವ್ವ
ನಾನು ಹೇಳುತ್ತೇನೆ, ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ. ನನ್ನ ಮಗ 18 ವರ್ಷ ಮಿಲಿಟರಿಯಲ್ಲಿದ್ದ, ಈಗ ಮನೆಯಲ್ಲಿದ್ದಾನೆ.

2016ರಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಮಂದಿ ಸಿಕ್ಕಿಕೊಂಡರಲ್ಲ, ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದೊಳಗಿದ್ದೂ ಉಸಿರಾಡುತ್ತಿದ್ದ. ಆಗ ನನ್ನ ಮಗನೂ ಆ ಕಡೆಯೇ ಇದ್ದ. ಟಿವಿ ಮುಂದಿಂದ ನಾನು ಎದ್ದಿರಲಿಲ್ಲ. ಫೆಬ್ರವರಿ 11ಕ್ಕೆ ಆ ಹುಡುಗ ದೆಹಲಿಯಲ್ಲಿ ಹೋದ ಅಂತ ಬಂತು. ಅವತ್ತು ನಮ್ಮನೆಯಲ್ಲಿ ಒಲೆ ಹಚ್ಚಲಿಲ್ಲ. ನನ್ನ ಮಗನ ಫೋನ್ ಬಂದದ್ದು ಮತ್ತೆ ನಾಲ್ಕು ದಿನಕ್ಕೆ. ಮುಂದಿನ ಸೂಟಿಗೆ ಅವನು ಬಂದಾಗ ಹೊಸ್ತಿಲ ಹೊರಗೇ ನಿಲ್ಲಿಸಿದೆ. ಕಾಲಿಗೆ ತಂಬಿಗೆ ನೀರು ಹಾಕಿದೆ. ಉಪ್ಪು, ಒಣಮೆಣಸಿನಕಾಯಿಯಿಂದ ದೃಷ್ಟಿ ತೆಗೆದು ಒಲೆಗೆ ಹಾಕಿದೆ. ಘಾಟು ಬರಲೇ ಇಲ್ಲ. ಅಂದರೆ ಎಷ್ಟು ದೃಷ್ಟಿ ಆಗಿತ್ತು ನೋಡು. ಆಮೇಲೆ ಬಲಗೈ, ಎಡಗೈ ಎರಡೂ ಹಿಡಿದು ಬೆರಳು ಎಣಿಸಿದೆ. ಚಳಿಗೆ ಬೆರಳು ಹೋಗುತ್ತವೆ ಅಂತ ಯಾರೋ ಹೇಳಿದ್ದರು. ಹತ್ತೂ ಇದ್ದವು. ಅವನು ನಗುತ್ತಿದ್ದ, "ಕಾಲಿಂದೂ ಎಣಿಸವ್ವಾ" ಅಂತ ಬೂಟು ಬಿಚ್ಚಿದ.

ಮಗಳೇ, ನಿಮ್ಮ ಮಾವನಿಗೆ ನೀನು ಹೇಳಬೇಡ. ನಿಮ್ಮ ಅತ್ತೆ ಕಡೆಯಿಂದ ಹೇಳಿಸು. ಹುಲಿಗೆಮ್ಮನಿಗೆ ಹರಕೆ ಇದೆ, ಮೊದಲು ದೇವಿ, ಆಮೇಲೆ ಮೆರವಣಿಗೆ ಅನ್ನಲಿ. ದೇವರ ಮಾತಿಗೆ ಗಂಡಸರು ಎದುರಾಡಲ್ಲ. ಹುಣ್ಣಿಮೆ ದಿನ ಮಾತ್ರ ಹುಲಿಗಿಗೆ ಹೋಗಬೇಡಿ, ಕಾಲಿಡಲು ಜಾಗ ಇರಲ್ಲ.

ಮಾನ್ವಿ ತಂಗಿ
ಅವ್ವ ಹೇಳಿದ್ದು ಓದಿ ಅಳು ಬಂತು. ನಮ್ಮಣ್ಣ ಹೋದ ವರ್ಷ, ಅಂದರೆ 2025ರ ಮೇನಲ್ಲಿ ನನ್ನ ಮದುವೆಗೆ ಅಂತ ಸೂಟಿ ಹಾಕಿ ಬಂದಿದ್ದ. ಹಂದರ ಹಾಕಿಸಿದ್ದೂ ಅವನೇ. ಮೇ 7ಕ್ಕೆ ಆಪರೇಷನ್ ಸಿಂಧೂರ ಅಂತ ಸುದ್ದಿ ಬಂತು. ಸೂಟಿ ರದ್ದು, ಹೊರಡು ಅಂತ ಅವನಿಗೆ ಫೋನ್. ನಾನು ಅರಿಶಿನ ಹಚ್ಚಿಸಿಕೊಂಡು ಕೂತಿದ್ದೆ. ಅರಿಶಿನದ ಕೈಯಲ್ಲೇ ಅವನ ಬ್ಯಾಗು ಹಿಡಿದುಕೊಟ್ಟೆ, ಆ ಕಲೆ ಹೋಗಲೇ ಇಲ್ಲ. 10ಕ್ಕೆ ಗುಂಡು ನಿಂತಿತು ಅಂತ ಟಿವಿಯಲ್ಲಿ ಬಂದರೂ ಅವನು ಬಂದದ್ದು ಮೂರು ತಿಂಗಳ ಮೇಲೆ. ನಾನು ಗಂಡನ ಮನೆಯಿಂದ ಬಸ್ಸಿಗೆ ಓಡಿ ಬಂದೆ. ಅವನು ಮದುವೆ ವಿಡಿಯೊ ಹಾಕಿಸಿಕೊಂಡು ಪೂರ್ತಿ ಮೂರು ತಾಸು ನೋಡಿದ, ಒಂದು ಸಲವೂ ಮುಂದಕ್ಕೆ ಓಡಿಸಲಿಲ್ಲ. ಅಡುಗೆಯವರು ಬದನೆಕಾಯಿ ಬಡಿಸುವುದನ್ನೂ ನೋಡಿದ.

ಸಿಆರ್‌ಪಿಎಫ್ ಮನೆಯಾಕೆ, ರಾಯಚೂರು
ಒಂದು ಮಾತು. ನಮ್ಮ ಮನೆಯವರು ಛತ್ತೀಸ್‌ಗಢದ ಕಾಡಿನಲ್ಲಿ ನಾಲ್ಕು ವರ್ಷ ಇದ್ದರು. ಬಂದಾಗ ಓಣಿಯವರು "ಪೊಲೀಸಾ? ಮಿಲಿಟರಿ ಅಲ್ಲವಾ?" ಅಂತ ಕೇಳಿ ಸುಮ್ಮನಾದರು. ಮೆರವಣಿಗೆ ಬೇಡ ಅನ್ನುವುದಕ್ಕೂ ಪುಣ್ಯ ಬೇಕು ಅಂತ ಇದನ್ನೆಲ್ಲ ಓದುತ್ತಾ ಅನಿಸಿತು.

ಕುಷ್ಟಗಿ ಹುಡುಗ
ರಾಯಚೂರಿನ ಅಕ್ಕಾ, ನಿಮ್ಮ ಮನೆಯವರು ಈ ಸಲ ಯಾವಾಗ ಬರುತ್ತಾರೆ? (ತಾರೀಖು ಬೇಡ, ಬಂದ ಮೇಲೆ ಹೇಳಿ.) ನಾವು ಹತ್ತೂ ಜನ ಬರುತ್ತೇವೆ. ಡಿಜೆ ಇಲ್ಲ, ಹಾರ ಮಾತ್ರ.

ಯಲಬುರ್ಗಾ ಸೊಸೆ
ನಮ್ಮ ಮನೆಯವರು ಬಂದರು! ಬಂದು ಆರು ದಿನವಾಯಿತು. ಬರೆಯಲು ಪುರುಸೊತ್ತೇ ಇರಲಿಲ್ಲ.

ಸಿಂಧನೂರು ಅವ್ವನ ಉಪಾಯ ಅರ್ಧ ಕೆಲಸ ಮಾಡಿತು. ಅತ್ತೆ ಹರಕೆ ಮಾತು ತೆಗೆದ ಕೂಡಲೇ ಮಾವ "ಆತು, ಮೊದಲ ದೇವಿ" ಅಂದರು. ಸ್ಟೇಷನ್ನಿಗೆ ಮಾವ, ಮೈದುನ, ನಾನು, ಮಗಳು ನಾಲ್ಕೇ ಜನ. ಗಾಡಿ ಲೇಟು. ಮಗಳು ಪ್ಲಾಟ್‌ಫಾರ್ಮಿನಲ್ಲೇ ನಿದ್ದೆ ಹೋದಳು.

ಸೂಟಿ ಮೇಲಿರುವ ಅಣ್ಣಾ, ನಿಮ್ಮ ವಿಡಿಯೊ ಕಾಲ್ ಉಪಾಯ ನಮ್ಮಲ್ಲಿ ಕೈಕೊಟ್ಟಿತು. ಮನೆಯವರು ಟೀ ಅಂಗಡಿ ಹಿಂದೆ ನಿಂತು ಕಾಲ್ ಮಾಡಿದರು. ಇವಳು ಎದ್ದು ಫೋನಿನ ಜೊತೆ ಖುಷಿಯಾಗಿ ಮಾತಾಡಿದಳು. ಅವರು ಮಾತಾಡುತ್ತಲೇ ಎದುರಿಗೆ ಬಂದರು. ಖುಷಿಗೆ ಕೈ ನಡುಗಿ ಕಾಲ್ ಕಟ್ ಆಯಿತು. ಅಷ್ಟೇ! ಈ ಗಡ್ಡದವನೇ ಬಂದು ನಮ್ಮಪ್ಪನನ್ನು ಓಡಿಸಿದ ಅಂತ ಇವಳ ಲೆಕ್ಕ. ಯಲಬುರ್ಗಾ ತನಕ ಕಾರಿನಲ್ಲಿ ಅಳು. "ಅಪ್ಪಗ ಫೋನ್ ಹಚ್ಚು, ಈ ಮಾಮಾ ಬ್ಯಾಡ." ಅವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಮಾವ ಮುಂದಿನ ಸೀಟಿನಿಂದ ಮಳೆ, ಬೆಳೆ, ಶೇಂಗಾ ರೇಟು ಅಂತ ಏನೇನೋ ಮಾತಾಡುತ್ತಲೇ ಇದ್ದರು. ಪಾಪ ಅವರಿಗೂ ಏನು ಮಾಡಬೇಕು ತೋಚಿರಲಿಲ್ಲ.

ಮೊದಲ ಎರಡು ದಿನ ಬರೀ ನಿದ್ದೆ. ಮಧ್ಯಾಹ್ನ ಎದ್ದು ಸಜ್ಜೆ ರೊಟ್ಟಿ, ಪುಂಡಿ ಪಲ್ಯ ತಿಂದು ಮತ್ತೆ ನಿದ್ದೆ. ರಾತ್ರಿ ಎರಡು ಗಂಟೆಗೆ ಮಾತ್ರ ಎದ್ದು ಅಂಗಳದಲ್ಲಿ ಕೂರುತ್ತಾರೆ. ಮೊದಲ ರಾತ್ರಿ ನಾನು "ಏನಾಯಿತು" ಅಂತ ಕೇಳಿದೆ. "ಏನಿಲ್ಲ, ಡ್ಯೂಟಿ ಟೈಮು" ಅಂದರು. ಆಮೇಲೆ ಕೇಳಲಿಲ್ಲ. ಒಂದು ಚಾದರ ತಂದು ಪಕ್ಕದಲ್ಲಿ ಕೂತೆ. ಅವರೇ ಒಂದೊಂದು ಹೇಳಿದರು, ಅದನ್ನು ಇಲ್ಲಿ ಬರೆಯಲ್ಲ. ನಾನು ಸ್ಕೂಟಿಯಿಂದ ಬಿದ್ದ ಕಥೆ ಹೇಳಿದೆ. ಫೋನಿನಲ್ಲಿ ಮುಚ್ಚಿಟ್ಟಿದ್ದೆ. ಮೊಣಕಾಲಿನ ಗಾಯ ಟಾರ್ಚ್ ಹಾಕಿ ನೋಡಿದರು.

ನಾಲ್ಕನೇ ದಿನ ಅವರು ಬಚ್ಚಲ ನಲ್ಲಿ ರಿಪೇರಿ ಮಾಡುತ್ತಿದ್ದರು. ಮಗಳು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಒಳಗೆ ಹೋಗಿ ತನ್ನ ಹರಿದ ಚಪ್ಪಲಿ ತಂದು ಅವರ ಮುಂದೆ ಇಟ್ಟಳು. ಮಾತಿಲ್ಲ. ಅವರೂ ಮಾತಾಡದೆ ಪಟ್ಟಿ ಹೊಲಿದುಕೊಟ್ಟರು. ಹಾಕಿಕೊಂಡು ಓಡಿದಳು. ಐದು ನಿಮಿಷಕ್ಕೆ ಇನ್ನೊಂದು ಕಾಲಿನದ್ದೂ ತಂದಳು. ಅದು ಹರಿದೇ ಇರಲಿಲ್ಲ.

ಡಿಜೆ ತಪ್ಪಲಿಲ್ಲ, ನಗಬೇಡಿ. ಹುಲಿಗಿಯಿಂದ ವಾಪಸ್ ಬರುವಷ್ಟರಲ್ಲಿ ಹುಡುಗರು ಅಗಸಿಯಲ್ಲಿ ಕಾಯುತ್ತಿದ್ದರು. ಹನುಮಪ್ಪನ ಗುಡಿ ತನಕ ಜೀಪು. ಬಾನೆಟ್ ಮೇಲೆ ಧ್ವಜ ಹಾಸಿದ್ದರು. ಇವರು ಹತ್ತುವ ಮೊದಲೇ ಅದನ್ನು ತೆಗೆದು, ಇಬ್ಬರು ಹುಡುಗರನ್ನು ಕರೆದು ಮಡಚುವುದು ಹೇಗೆ ಅಂತ ತೋರಿಸಿದರು. ಆಮೇಲೆ ಬೇವಿನ ಸೊಪ್ಪು ಅಗಿದವರ ಮುಖ ಮಾಡಿಕೊಂಡು ಜೀಪಿನ ಮೇಲೆ ನಿಂತರು. ಮಾವ ಮುಂದೆ ಕುಣಿದರು. ಆಪರೇಷನ್ ಆದ ಕಣ್ಣು, ಕರಿ ಕನ್ನಡಕ. ಅದನ್ನು ನೋಡಿ ಇವರಿಗೆ ನಗು ತಡೆಯಲಾಗಲಿಲ್ಲ. ಮನೆಗೆ ಬಂದು "ಅಪ್ಪ ಕುಣಿಯೋದ ನಾ ನೋಡೇ ಇರಲಿಲ್ಲ" ಅಂದರು.

ಡಬ್ಬಿ ಜೋಡಿಸುವುದು ಇನ್ನೂ ಶುರುವಾಗಿಲ್ಲ. ಎರಡನೇ ವಾರಕ್ಕೆ ಕಾಯುತ್ತಿದ್ದೇನೆ.

ಸೂಟಿ ಮೇಲಿದ್ದೇನೆ
ಕಾಲ್ ಕಟ್ ಆಗಿದ್ದಕ್ಕೆ ನನ್ನ ಬೈಯಬೇಡಿ ಅಕ್ಕಾ, ನೆಟ್‌ವರ್ಕ್ ಬೈಯಿರಿ. ನನ್ನ ಸೂಟಿ ನಾಳಿದ್ದು ಮುಗಿಯುತ್ತದೆ. ಗುರೆಳ್ಳು ಹಿಂಡಿ (ಚಟ್ನಿಪುಡಿ) ತುಂಬ ದಿನ ಕೆಡದೆ ಇರಲು ಏನು ಮಾಡಬೇಕು, ಯಾರಿಗಾದರೂ ಗೊತ್ತಾ? ಹೋದ ಸಲ ತಿಂಗಳಿಗೇ ಮುಗ್ಗು ವಾಸನೆ ಬಂತು.

ಸಿಂಧನೂರು ಅವ್ವ
ತಮ್ಮಾ, ಗುರೆಳ್ಳು ಚಟಪಟ ಅನ್ನುವ ತನಕ ಹುರಿ ಅಂತ ಹೇಳು. ಪೂರ್ತಿ ಆರಿದ ಮೇಲೆ ಕುಟ್ಟಬೇಕು. ಬೆಳ್ಳುಳ್ಳಿ ಹಾಕಬೇಡಿ, ಬೇಕಾದರೆ ಅಲ್ಲಿ ಹಸಿಯದನ್ನೇ ನಂಚಿಕೊ. ಸ್ಟೀಲ್ ಡಬ್ಬಿ, ಒದ್ದೆ ಚಮಚ ಹಾಕಬಾರದು. ಮತ್ತೆ ಒಬ್ಬನೇ ತಿನ್ನಬೇಡ.